ಓಬವ್ವನ ಮೂರು ಚೀಟಿ

ಜಗಳೂರಿನ ನಮ್ಮ ಮೆಕ್ಕೆಜೋಳದ ಮಂಡಿಯಲ್ಲಿ ತೇವಾಂಶದ ಚೀಟಿ ಪ್ರಿಂಟ್ ಮಾಡುವ ಪ್ರೋಗ್ರಾಂ ಹಾಕಿದವಳು ನಾನೇ. ಸಿ ಭಾಷೆಯಲ್ಲಿ ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಅದು ತಪ್ಪು ಮಾಡೀತು ಎಂದು ನನಗೆ ಅನಿಸಿರಲಿಲ್ಲ. ನನ್ನ ಅನುಮಾನವೆಲ್ಲ ಮನುಷ್ಯರ ಮೇಲೆ.

ಬಿಳಿಚೋಡಿನ ಓಬವ್ವನ ಚೀಟಿಯಲ್ಲಿ ‘12 21ry’ ಎಂದು ಬಂದಿತ್ತು. ತೇವಾಂಶ ಶೇಕಡಾ ಹದಿನಾಲ್ಕು ದಾಟಿದರೆ ನಾವು ಕೊಳ್ಳುವುದಿಲ್ಲ. ಮೇಲಿನ ಚೀಲ ಒಣ, ಅಡಿಯದು ಹಸಿ ಎಂದು ನಾನು ಓದಿಕೊಂಡೆ. ಹಿಂದಿನ ಎರಡು ಸಲವೂ ಹಿಂಗೇ ಆಗಿ ಮಾಲು ವಾಪಸ್ ಕಳಿಸಿದ್ದೆ. ಈ ಸಲ ರೇಗಿಹೋಯಿತು.

“ನೀರು ಚಿಮುಕಿಸಿ ತರಾಕೆ ನಾಚಿಕೆ ಆಗಲ್ವಾ ನಿಮಗೆ?” ಎಂದು ತೂಕದ ಕಾಟಾದ ಹತ್ತಿರ ಎಲ್ಲರೆದುರೇ ಅಂದೆ.

ಓಬವ್ವ ಸೆರಗಿನ ಗಂಟು ಬಿಚ್ಚಿ ಮೂರೂ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು.

“ನೇತ್ರಮ್ಮೋರೇ, ನಂಗೆ ಅಕ್ಷರ ಬರಲ್ರೀ, ಅಂಕಿ ಬರ್ತಾವೆ. ಸರದಿ ಟೋಕನ್ ಹತ್ತೊಂಬತ್ತಿದ್ದ ದಿನ ಇಲ್ಲೂ ಹತ್ತೊಂಬತ್ತೇ ಐತೆ. ಇಪ್ಪತ್ಮೂರಿದ್ದಾಗ ಇಪ್ಪತ್ಮೂರು. ಇವತ್ತು ಇಪ್ಪತ್ತೊಂದು. ಟ್ರ್ಯಾಕ್ಟರ್ ತಡ ಆದಷ್ಟೂ ನನ್ ಜೋಳ ನೆನೀತೈತಾ?”

ಮೂರೂ ಚೀಟಿ ಹಿಡಿದು ಒಳಗೆ ಹೋಗಿ ಪ್ರೋಗ್ರಾಂ ತೆರೆದೆ.

ಈ ಸುಗ್ಗಿಯಿಂದ ಆಪರೇಟರ್ ಅಂಬಿಕಾ ಷರಾದ ಜಾಗದಲ್ಲಿ ಬರೀ 12 ಎನ್ನುವ ಬದಲು ‘12% dry’ ಎಂದು ಹೊಡೆಯುತ್ತಿದ್ದಳು. ಪ್ರೋಗ್ರಾಂ ಅದನ್ನು ಬರಹವೆಂದು ಬಗೆಯದೆ ಆಜ್ಞೆ ಎಂದು ಓದುತ್ತಿತ್ತು. ಸಿ ಭಾಷೆಯಲ್ಲಿ ಶೇಕಡಾ ಗುರುತಿನ ನಂತರ, ನಡುವೆ ಜಾಗ ಬಿಟ್ಟಿದ್ದರೂ, d ಬಂದರೆ ‘ಇಲ್ಲೊಂದು ಸಂಖ್ಯೆ ಹಾಕು’ ಎಂದರ್ಥ. ಯಾವ ಸಂಖ್ಯೆ ಎಂದು ಯಾರೂ ಹೇಳಿರಲಿಲ್ಲವಾಗಿ, ಕೈಗೆ ಸಿಕ್ಕಿದ ಟೋಕನ್ ನಂಬರನ್ನೇ ತುರುಕುತ್ತಿತ್ತು. ಕೊನೆಗೆ ಉಳಿದ ry ಪ್ರಿಂಟರಿನ ಕಸ ಎಂದುಕೊಂಡಿದ್ದೆ. ಬೇಗ ಬಂದವರ ಟೋಕನ್ ಹದಿನಾಲ್ಕರೊಳಗೆ, ಅವರದೆಲ್ಲ ಒಳ್ಳೆ ಮಾಲು. ತಡವಾಗಿ ಬಂದವರೆಲ್ಲ ನನ್ನ ಕಣ್ಣಿಗೆ ಕಳ್ಳರು.

ಷರಾವನ್ನು ಬರಹವಾಗಿಯೇ ಅಚ್ಚು ಮಾಡು ಎಂದು ಹೇಳುವ "%s" ಸೇರಿಸಿದೆ. ಬದಲಾದದ್ದು ಒಂದೇ ಸಾಲು. ಓಬವ್ವನ ಜೋಳ ಅಂದೇ ತೂಕವಾಯಿತು. ತಿದ್ದುಪಡಿಯನ್ನು ಪ್ರೋಗ್ರಾಂ ಬರೆದವರಿಗೂ ಕಳಿಸಿ, ದೋಷ ಪತ್ತೆ ಮಾಡಿದವರು ಎಂಬಲ್ಲಿ ‘ಓಬವ್ವ, ಬಿಳಿಚೋಡು’ ಎಂದು ಬರೆದೆ. ಅವರು ಒಪ್ಪಿಕೊಂಡರು. ಮುಂದಿನ ವಾರ ಅವಳು ಬಂದಾಗ, ದೊಡ್ಡ ಉಪಕಾರ ಮಾಡಿದವಳಂತೆ ಮೊಬೈಲಿನಲ್ಲಿ ಆ ಹೆಸರು ತೋರಿಸಿದೆ.

“ಅಲ್ಲಿ ಯಾರು ಓದ್ತಾರೋ ನಾ ಕಾಣೆ,” ಎಂದಳು. “ನೀವು ಅಂದಿದ್ದು ಕಾಟಾದ ಹತ್ರ.”

ಹೋದೆ. ಹದಿನೈದಿಪ್ಪತ್ತು ಜನ ಇದ್ದರು. ಓಬವ್ವ ನೀರು ಹಾಕಿರಲಿಲ್ಲ, ತಪ್ಪು ನನ್ನದು ಎಂದೆ.

“ಇನ್ನೊಂದ್ಸಲ ಹೇಳ್ರೀ,” ಎಂದಳು ಓಬವ್ವ, “ಹಿಂದಿನೋರಿಗೆ ಕೇಳಿಲ್ಲ.”

ಹೇಳಿದೆ.