ಮುತ್ತೈದೆಯ ಮಣಿಕಟ್ಟು

ಕಮಲಾಕ್ಷಮ್ಮ ಬೆಳಿಗ್ಗೆ ಹೊಳೆನರಸೀಪುರದ ಮನೆಯ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಹಾಸನದ ಆಸ್ಪತ್ರೆ ಸೇರುವಷ್ಟರಲ್ಲಿ ಆ ಕೈ ಬದನೆಕಾಯಿಯಂತೆ ಊದಿ ನೀಲಿಗಟ್ಟಿತ್ತು. ಗಾಜಿನ ಬಳೆಗಳು ಊತದಲ್ಲಿ ಹೂತುಹೋಗಿದ್ದವು. ಹೆಬ್ಬೆರಳಿಗೆ ಜೋಮು. ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುವವಳು ಅವಳು. ಹೆಬ್ಬೆರಳು ಹೋದರೆ ಬದುಕೇ ಹೋಯಿತು.

"ಮೂಳೆ ಚೂರಾಗಿದೆ. ಕೂಡಿಸಿ ಪ್ಲೇಟು ಹಾಕಿ ಸ್ಕ್ರೂ ಬಿಗೀಬೇಕು. ನರ ಬೇರೆ ಒತ್ತಿಕೊಂಡಿದೆ, ತಡ ಮಾಡಿದರೆ ಬೆರಳು ಉಳಿಯಲ್ಲ. ಮೊದಲು ಬಳೆ ತೆಗೀರಿ," ಎಂದು ಡಾಕ್ಟರು ಥಿಯೇಟರಿಗೆ ಹೋದರು.

ನರ್ಸ್ ಯಶಸ್ವಿನಿ ಇಕ್ಕಳ ತಂದಳು. ಅತ್ತೆ ಶಿವಗಂಗಮ್ಮ ಮಂಚಕ್ಕೆ ಅಡ್ಡ ನಿಂತಳು.

"ಮುತ್ತೈದೆ ಬಳೆ ಒಡೀತೀಯೇನವ್ವ? ನನ್ ಮಗ ಬದ್ಕವ್ನೆ, ಕಾಣಾಕಿಲ್ವಾ?"

"ಕಾಣ್ತಾರೆ ಅಜ್ಜಿ. ಚೆನ್ನಾಗೇ ಇದಾರೆ. ಕೈ ಮುರಿದಿರೋದು ಸೊಸೆಗೆ."

ಗಂಡ ಗಂಗಾಧರಯ್ಯ ತೆಂಗಿನಕಾಯಿ ವ್ಯಾಪಾರಿ; ಮಂಡಿಯಲ್ಲಿ ಗಂಟಲು ಹರಿಯುವಂತೆ ಕೂಗುವವನು. ಇಲ್ಲಿ ಅವನ ಬಾಯಿಂದ ಹೊರಟಿದ್ದು ಇಷ್ಟು: "ಎಣ್ಣೆ ಹಚ್ಚಿ ಜಾರಿಸಿದ್ರೆ ಬತ್ತವೇನೋ, ನೋಡವ್ವ."

ಯಶಸ್ವಿನಿ ಡಾಕ್ಟರನ್ನು ಕರೆಯಲು ಹೋದಳು. ಆ ಸಂದಿನಲ್ಲಿ ಶಿವಗಂಗಮ್ಮ ಚೀಲದಿಂದ ಕೊಬ್ಬರಿ ಎಣ್ಣೆ ತೆಗೆದು ಊದಿದ ಕೈಗೆ ಸುರಿದಳು. ಮಗ ಮೊಣಕೈ ಅದುಮಿ ಹಿಡಿದ. ತಾಯಿ ಎಳೆದಳು. ಒಳಗೆ ಮೂಳೆ ಕರಕರ ಅಂದಿದ್ದು ಮೂವರಿಗೂ ಕೇಳಿಸಿತು. ಆದರೂ ಮುದುಕಿ ಇನ್ನೊಂದು ಸಲ ಎಳೆದಳು. ಒಂದು ಬಳೆಯೂ ಜಾರಲಿಲ್ಲ.

ಕಮಲಾಕ್ಷಮ್ಮ ಕಿರುಚಲೂ ಆಗದೆ ದಿಂಬಿನ ಮೇಲೆ ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು, ಓಡಿಬಂದ ಯಶಸ್ವಿನಿಗೆ ಹೇಳಿದಳು: "ಒಡೆಯವ್ವ. ಕೈ ನಂದು."

ಬಟ್ಟೆ ಸುತ್ತಿ, ಯಶಸ್ವಿನಿ ಇಕ್ಕಳದಿಂದ ಒಂದೊಂದನ್ನೇ ಚಿಟಕ್ಕನೆ ಒಡೆದಳು. ಪ್ರತಿ ಸದ್ದಿಗೂ ಗಂಗಾಧರಯ್ಯ ಎದೆ ಮುಟ್ಟಿ ನೋಡಿಕೊಂಡ. ಹೆಂಡತಿಯ ಮೂಳೆ ಕರಕರ ಅಂದಾಗ ಮುಟ್ಟಿಕೊಳ್ಳದ ಎದೆ.

ಆಪರೇಷನ್ ಮುಗಿದು ವಾರ್ಡಿಗೆ ತಂದಾಗ ಕಮಲಾಕ್ಷಮ್ಮನಿಗೆ ಎಚ್ಚರವಿತ್ತು. ತೋಳಿಗೆ ಕೊಟ್ಟ ಮರಗಟ್ಟಿಸುವ ಮದ್ದಿನಿಂದ ಕೈ ಮಾತ್ರ ಇನ್ನೊಬ್ಬರದೆಂಬಂತೆ ಬಿದ್ದಿತ್ತು. ಕಣ್ಣು ಮುಚ್ಚಿದಳು. ತುಸು ಹೊತ್ತಿಗೆ ಪಿಸುಮಾತು ಕೇಳಿ ತೆರೆದರೆ, ಅತ್ತೆ ಆ ಕೈಯ ಬೆರಳುಗಳನ್ನು ಒಟ್ಟುಗೂಡಿಸಿ ಹಿಂಡಿ, ಹೊಸ ಹಸಿರು ಬಳೆ ತುರುಕುತ್ತಿದ್ದಳು. ಬ್ಯಾಂಡೇಜಿನ ಅಂಚಿನಲ್ಲಿ ರಕ್ತ ಒಸರುತ್ತಿತ್ತು.

"ಬೇಗ ಹಾಕವ್ವ," ಗಂಡ ಅನ್ನುತ್ತಿದ್ದ. "ಜೋಮು ಬಿಡೋದ್ರೊಳಗೆ ಹಾಕ್ಬುಡು. ಅವಳಿಗೇನೂ ಗೊತ್ತಾಗಾಕಿಲ್ಲ."

ಗಂಡನ ಆ ಮುಖವನ್ನು ಕಮಲಾಕ್ಷಮ್ಮ ನೋಡಿದಳು. ಇಪ್ಪತ್ತೆರಡು ವರ್ಷ ಅದಕ್ಕೆ ಮುದ್ದೆ ಬಡಿಸಿದ್ದಳು. ಎಡಗೈಯಿಂದ ಅತ್ತೆಯ ಕೈಯನ್ನು ತಳ್ಳಿ, ಬೆರಳಿಗೆ ಸಿಕ್ಕಿದ್ದ ಬಳೆಯನ್ನು ಕಿತ್ತು, ರಕ್ತದ ಹತ್ತಿ ಹಾಕುವ ಹಳದಿ ಬುಟ್ಟಿಗೆ ಎಸೆದಳು. ಸದ್ದಿಗೆ ಯಶಸ್ವಿನಿ ಬಂದಳು.

"ಸಿಸ್ಟರ್, ಇವರಿಬ್ಬರನ್ನೂ ಆಚೆ ಕಳಿಸಿ. ಒಳಗೆ ಬಿಡಬೇಡಿ."

"ಜೊತೇಲಿ ಯಾರಿರ್ತಾರಮ್ಮ?"

"ಯಾರೂ ಬ್ಯಾಡ."

ಸಂಜೆ ಮದ್ದು ಇಳಿಯಿತು. ನೋವು ಬೆಂಕಿಯಂತೆ ಏರಿತು. ಹಲ್ಲು ಕಚ್ಚಿ ಹೆಬ್ಬೆರಳನ್ನೇ ದಿಟ್ಟಿಸಿದಳು. ಅದು ಮಿಸುಕಿತು. ಮತ್ತೊಮ್ಮೆ ಮಿಸುಕಿತು.

ಯಶಸ್ವಿನಿ ಆ ಸುದ್ದಿ ಹೊರಗೆ ತಿಳಿಸಿದಳೋ ಏನೋ, ಬಾಗಿಲಾಚೆ ಶಿವಗಂಗಮ್ಮ ಯಾರಿಗೋ ಫೋನಿನಲ್ಲಿ ಹೇಳುವುದು ಕೇಳಿಸಿತು: "ಹಸ್ರು ಬಳೆ ಮುಟ್ಟಿಸಿದ್ದೇ ತಡ, ಬೆರಳು ಆಡ್ಬುಡ್ತು ಕಣವ್ವ."

"ಬಾಗಿಲು ಹಾಕಿ ಸಿಸ್ಟರ್," ಎಂದಳು ಕಮಲಾಕ್ಷಮ್ಮ. "ಆಚೆಯಿಂದ ನಾತ ಬತ್ತಾ ಐತೆ."