ಮೇಸ್ತ್ರಿಗೆ ಹಾಕಿದ ಆಮ್ಲೆಟ್

ಮಂಡಿಯ ಆಪರೇಷನ್‌ಗೆಂದು ಆಸ್ಪತ್ರೆ ಸೇರುವ ಮುನ್ನ ಅಕ್ಕ ತನ್ನ ನಾಯಿಯನ್ನು ತಮ್ಮನ ಮನೆಯಲ್ಲಿ ಬಿಟ್ಟಳು. ತಮ್ಮ ಅಂಗಡಿಗಳಿಗೆ ಬೋರ್ಡು ಬರೆಯುವವನು, ಒಂಟಿ ಮನುಷ್ಯ. ಐವತ್ತು ದಾಟಿದ್ದರೂ ಅಕ್ಕನ ಬಾಯಲ್ಲಿ ಇನ್ನೂ ‘ಪುಟ್ಟ’. ನಾಯಿಯ ಹೆಸರು ಮೇಸ್ತ್ರಿ. ಯಾರು ಏನು ಕೆಲಸ ಮಾಡುತ್ತಿದ್ದರೂ ಎದುರು ಕೂತು ಉಸ್ತುವಾರಿ ನೋಡುವುದು ಅದರ ಅಭ್ಯಾಸ.

ಆದರೆ ಇಲ್ಲಿ ಮೇಸ್ತ್ರಿ ಬಾಗಿಲಿಗೆ ಮೂತಿ ಆನಿಸಿ ಮಲಗಿಬಿಟ್ಟಿತು. ಎರಡು ದಿನ ಅನ್ನವನ್ನು ಮೂಸಿಯೂ ನೋಡಲಿಲ್ಲ. ಮೂರನೆಯ ದಿನ ಪುಟ್ಟ ತನ್ನ ತಟ್ಟೆಯಿಂದ ಒಂದು ತುಂಡು ಆಮ್ಲೆಟ್ ಹಾಕಿದಾಗ ಗಬಕ್ಕನೆ ನುಂಗಿ ಬಾಲ ಆಡಿಸಿತು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಂದಿನಿಂದ ದಿನವೂ ಎರಡು ಮೊಟ್ಟೆ ಒಡೆದು, ಬಾಲ್ಕನಿಯ ಕುಂಡದಿಂದ ಒಂದು ಹಿಡಿ ಈರುಳ್ಳಿ ಸೊಪ್ಪು ಕಿತ್ತು ಸಣ್ಣಗೆ ಹೆಚ್ಚಿ, ನಾಯಿಗೆಂದೇ ಬೇರೆ ಆಮ್ಲೆಟ್. ಮೇಸ್ತ್ರಿ ಏಣಿಯ ಬುಡದಲ್ಲಿ ಕೂತು ಅವನು ಬರೆಯುವ ಅಕ್ಷರಗಳನ್ನು ತಪಾಸಣೆ ಮಾಡತೊಡಗಿತು.

ವಾರ ಕಳೆಯುವಷ್ಟರಲ್ಲಿ ಅದಕ್ಕೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ಉಚ್ಚೆ ಕಡುಗಂದು ಬಣ್ಣಕ್ಕೆ ತಿರುಗಿತು. ಅದೇ ಬೆಳಿಗ್ಗೆ ಪುದೀನದ ಕುಂಡ ಅರ್ಧ ಬೋಳಾಗಿದ್ದುದು ಪುಟ್ಟನ ಕಣ್ಣಿಗೆ ಬಿತ್ತು. ಮೇಸ್ತ್ರಿ ಮೇಯ್ದ ಈ ಸೊಪ್ಪಿನದ್ದೇ ಕಿತಾಪತಿ ಎಂದುಕೊಂಡು ಪುದೀನ, ಕೊತ್ತಂಬರಿ, ಕಾಮಕಸ್ತೂರಿ ಎಲ್ಲವನ್ನೂ ಬೇರುಸಮೇತ ಕಿತ್ತು ಚೀಲಕ್ಕೆ ತುಂಬಿ, ನಾಯಿಯನ್ನು ಎತ್ತಿಕೊಂಡು ಪಶುವೈದ್ಯೆಯ ಬಳಿಗೆ ಓಡಿದ. ಈರುಳ್ಳಿಯ ಕುಂಡವನ್ನು ಮಾತ್ರ ಮುಟ್ಟಲಿಲ್ಲ. ಮೇಸ್ತ್ರಿ ಚೇತರಿಸಿಕೊಂಡ ಮೇಲೆ ಆಮ್ಲೆಟ್‌ಗೆ ಬೇಕಲ್ಲ.

ವೈದ್ಯೆ ನಾಯಿಯ ತುಟಿ ಎತ್ತಿ ನೋಡಿದರು. ಒಸಡು ಬಿಳಿಚಿಕೊಂಡಿತ್ತು. ಚೀಲದ ಗಿಡಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು, ಊಟಕ್ಕೆ ಏನು ಹಾಕುತ್ತೀರಿ ಎಂದು ಕೇಳಿದರು. ಅವನು ಆಮ್ಲೆಟ್‌ನ ವಿಷಯವನ್ನು ಹೆಮ್ಮೆಯಿಂದಲೇ ಹೇಳಿದ. ವೈದ್ಯೆ ಪಕ್ಕಕ್ಕಿಟ್ಟ ಗಿಡಗಳ ಕಡೆ ಬೆರಳು ತೋರಿಸಿದರು.

“ಕೊತ್ತಂಬರಿ, ಕಾಮಕಸ್ತೂರಿ ತಿಂದ್ರೆ ಏನೂ ಆಗಲ್ಲ. ಪುದೀನ ಜಾಸ್ತಿ ಮೇಯ್ದ್ರೆ ಹೊಟ್ಟೆ ಕೆಡುತ್ತೆ, ಅಷ್ಟೇ. ಆದ್ರೆ ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಬೇಯಿಸಿದ್ರೂ ವಿಷವೇ. ರಕ್ತದ ಕಣಗಳನ್ನೇ ಒಡೆದುಹಾಕುತ್ತೆ.”

ಪುಟ್ಟ ನಾಯಿಯ ತಲೆಯ ಮೇಲೆ ಕೈಯಿಟ್ಟ. “ನಾನೇ ಕೈಯಾರೆ ಹಾಕ್ದೆ ಡಾಕ್ಟ್ರೇ.”

“ಪ್ರೀತಿಯಿಂದ ಹಾಕಿದ್ದೀರಿ. ಅದು ಹೊಟ್ಟೆಗೆ ಗೊತ್ತಾಗಲ್ಲ ನೋಡಿ,” ಎಂದು ವೈದ್ಯೆ ಮೆಲ್ಲಗೆ ಹೇಳಿ ಡ್ರಿಪ್ ಹಾಕಲು ಎದ್ದರು.

ಮೂರು ದಿನ ಮೇಸ್ತ್ರಿ ಅಲ್ಲೇ ಇತ್ತು. ಒಮ್ಮೆ ರಕ್ತವನ್ನೂ ಕೊಡಬೇಕಾಯಿತು. ಪುಟ್ಟ ಬೋರ್ಡಿನ ಕೆಲಸ ಬಿಟ್ಟು ಅದರ ತಲೆ ಸವರುತ್ತ ಕೂತ. ಅಕ್ಕ ಫೋನ್ ಮಾಡಿದಾಗಲೆಲ್ಲ ಚೆನ್ನಾಗಿದೆ ಎಂದು ಸುಳ್ಳು ಹೇಳಿದ. ಮೂರನೆಯ ಸಂಜೆ ಒಸಡಿಗೆ ತುಸು ಕೆಂಪು ಬಂತು. ಇನ್ನು ಗಂಡಾಂತರವಿಲ್ಲ ಎಂದು ವೈದ್ಯೆ ಹೇಳಿದ ಮೇಲೆ ನೇರವಾಗಿ ಅಕ್ಕನ ಹಾಸಿಗೆಯ ಬಳಿ ಹೋಗಿ ನಿಂತು, ತಲೆ ತಗ್ಗಿಸಿ, ಆದದ್ದನ್ನೆಲ್ಲ ಒಪ್ಪಿಸಿದ. ಒಂಬತ್ತು ವರ್ಷ ಅವಳ ಕಾಲ ಬಳಿ ಮಲಗಿದ ನಾಯಿ ಅದು.

“ನನಗೂ ಗೊತ್ತಿರಲಿಲ್ಲ ಕಣೋ. ಗೊತ್ತಿದ್ರೆ ನಿನಗೆ ಹೇಳದೆ ಬರ್ತಿದ್ನಾ?” ಎಂದಳು ಅಕ್ಕ. ಆಮೇಲೆ, ಈಗ ಏನಾದರೂ ತಿಂತಾ ಎಂದು ಕೇಳಿದಳು. ಬೇಯಿಸಿದ ಕೋಳಿ, ಅನ್ನ, ಎರಡು ಸಲ ತಿಂತು ಎಂದ.

“ನೀನು?”

ಅವನು ಇಲ್ಲವೆಂದು ತಲೆಯಾಡಿಸಿದ. ಅಕ್ಕ ಆಸ್ಪತ್ರೆಯ ಊಟದ ತಟ್ಟೆಯನ್ನು ಅವನ ಕಡೆಗೆ ತಳ್ಳಿ, ಕೊನೆಯ ತುತ್ತು ಮುಗಿಯುವವರೆಗೂ ನೋಡುತ್ತ ಕೂತಳು.