ಕರುಣಾ ತೋರಿಸಿದ ಹಳದಿ ಕಾರ್ಡು

ಭಾಲ್ಕಿಯ ಮೈದಾನದಲ್ಲಿ ಆ ದಿನ ಕಾಲಿಡಲು ಜಾಗವಿರಲಿಲ್ಲ. ಕಬಡ್ಡಿ ಫೈನಲ್, ಬೀದರ್ ತಂಡಕ್ಕೂ ಭಾಲ್ಕಿ ತಂಡಕ್ಕೂ ಹಣಾಹಣಿ. ಎರಡೂ ಊರಿಗೆ ಸೇರದ ರೆಫರಿ ಬೇಕೆಂದು ಔರಾದಿನಿಂದ ಕರುಣಾಳನ್ನು ಕರೆಸಿದ್ದರು. ಅಲ್ಲಿನ ಶಾಲೆಯಲ್ಲಿ ಆಟ ಕಲಿಸುವ ಟೀಚರ್ ಅವಳು. ಗಂಡಸರ ಫೈನಲ್ಲಿಗೆ ಸೀಟಿ ಊದುವುದು ಅವಳಿಗೂ ಮೊದಲ ಸಲ. ಅದನ್ನು ಕಣ್ಣಾರೆ ನೋಡಬೇಕೆಂದು ತಾಯಿ ಶಾಲುಬಾಯಿ ಜೊತೆಗೇ ಬಸ್ ಹತ್ತಿ ಬಂದು, ಹೆಂಗಸರ ನಡುವೆ ಕುಳಿತಿದ್ದಳು.

ವಿರಾಮದವರೆಗೆ ಅಂಕಗಳು ಸಮ. ಆಮೇಲೆ ಬೀದರಿನ ಅಮಿತಕುಮಾರ ಒಂದೇ ರೇಡಿನಲ್ಲಿ ಇಬ್ಬರನ್ನು ಮುಟ್ಟಿ ಗೆರೆ ದಾಟಿದ. ಭಾಲ್ಕಿಯ ನಾಯಕ ಸತೀಶಕುಮಾರನ ಮೈಯೆಲ್ಲ ಉರಿಯಿತು.

"ಏ ರಂಡಿ ಮಗನ!" ಎಂದು ಕೂಗಿದ.

ಕರುಣಾ ಸೀಟಿ ಊದಿ ಎಚ್ಚರಿಕೆಯ ಹಸಿರು ಕಾರ್ಡು ಎತ್ತಿದಳು.

"ಇದ್ಯಾವ ಬೈಗಳರಿ ಮೇಡಂ? ನಾವು ದೋಸ್ತರು ದಿನಾ ಹಿಂಗೇ ಕರಿತೇವ್ರಿ" ಎಂದ ಸತೀಶಕುಮಾರ. ಜನ ಹೋ ಎಂದು ನಕ್ಕರು. ಆ ನಗುವಿನ ಬಲದಿಂದ ಅವನು ಮುಂದಿನ ರೇಡಿನಲ್ಲಿ ಅದೇ ಮಾತನ್ನು ಬೇಕೆಂದೇ, ಅವಳನ್ನೇ ನೋಡುತ್ತ ಅಂದ. ಈ ಸಲ ಹಳದಿ ಕಾರ್ಡು. ಎರಡು ನಿಮಿಷ ಅಂಗಳದ ಹೊರಗೆ.

ಗದ್ದಲವೆದ್ದಿತು. ಪಂದ್ಯ ನಡೆಸುತ್ತಿದ್ದ ಹಿರಿಯ ಮಡೆಪ್ಪ ಮೈಕ್ ಹಿಡಿದೇ ಇಳಿದುಬಂದ. "ಬಿಡ್ರಿ ಮೇಡಂ, ಹುಡುಗುರ ಆಟ. ಇಲ್ಲಾಂದ್ರ ಯಾವ ಮಾತು ಆಡಬೇಕು, ಯಾವುದು ಆಡಬಾರದು, ನೀವೇ ಹೇಳಿಬಿಡ್ರಿ" ಎಂದು ಮೈಕನ್ನು ಅವಳ ಕೈಗೆ ತುರುಕಿದ.

ಕರುಣಾ ಮೈಕನ್ನು ಬಾಯಿಯ ಹತ್ತಿರ ಹಿಡಿದಳು. ಚಿಕ್ಕಂದಿನಲ್ಲಿ ನಳದ ಕಟ್ಟೆಯ ಹತ್ತಿರ ಅವ್ವನ ಬೆನ್ನಿಗೆ ಬಂದು ಬೀಳುತ್ತಿದ್ದ ಮಾತು ಇದೇ. ಅವ್ವ ತಿರುಗಿಯೂ ನೋಡದೆ ಕೊಡ ತುಂಬಿಕೊಂಡು ಬರುತ್ತಿದ್ದಳು.

"ಹೇಳ್ತೇನ್ರಿ" ಎಂದಳು. "ಅವನ ಆಟಕ್ಕ ಬೈರಿ, ನನ್ನ ತೀರ್ಪಿಗಿ ಬೈರಿ, ಕೇಳ್ತೇನಿ. ಯಾರ ಅವ್ವಗೂ ಬೈಬ್ಯಾಡ್ರಿ, ಜಾತಿಗೂ ಬೈಬ್ಯಾಡ್ರಿ. ರಂಡಿ ಅಂದ್ರ ಗಂಡ ಸತ್ತಾಕಿ. ನಮ್ಮಪ್ಪ ಹೋದಮ್ಯಾಲ ನಮ್ಮವ್ವಗ ಊರು ಇಟ್ಟ ಹೆಸರು ಅದು. ಆಕಿ ಕೂಲಿ ಮಾಡಿ ಓದಿಸಿದ ಮಗಳೇ ಇಲ್ಲಿ ಸೀಟಿ ಹಿಡಿದು ನಿಂತೇನಿ. ಇದು ಬೈಗಳ ಹ್ಯಾಂಗ ಆತು, ಹೇಳ್ರಿ!"

ಹೆಂಗಸರ ನಡುವೆ ಶಾಲುಬಾಯಿ ಎದ್ದು ನಿಂತಳು. ಯಾರೂ ಕರೆದಿರಲಿಲ್ಲ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಎದೆಯುಬ್ಬಿಸಿ ಹಾಗೇ ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಬದಿಗೆ ಗುಂಡಮ್ಮ ಎದ್ದಳು. ಆಕೆ ಮಡೆಪ್ಪನ ಒಡಹುಟ್ಟಿದ ಅಕ್ಕ, ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು.

ಮಡೆಪ್ಪ ಅಕ್ಕನ ಮುಖ ನೋಡಿದ. ಮೈಕ್ ವಾಪಸ್ ತಗೊಂಡು, "ಹೊರಗ ನಡಿಯೋ ಸತೀಶ. ಮೇಡಂ ಹೇಳಿದ್ದು ಖರೆ ಅದ" ಎಂದ.

ಬೀದರ್ ಎರಡು ಅಂಕದಿಂದ ಗೆದ್ದಿತು. ಸತೀಶಕುಮಾರ ಬೆವರೊರೆಸುತ್ತ ಶಾಲುಬಾಯಿಯ ಹತ್ತಿರ ಬಂದ.

"ನಿಮ್ಮ ಮಗಳು ನಮ್ಮ ಕಪ್ ಕಳದ್ರು ನೋಡ್ರಿ, ಆಯಿ."

"ನನ್ನ ಮಗಳಲ್ಲಪ್ಪ, ನಿನ್ನ ನಾಲಿಗಿ ಕಳೀತು."

ಅವನು ತಲೆ ಕೆರೆದುಕೊಂಡು, "ಹೌದ್ರಿ, ತಪ್ಪಾತ್ರಿ" ಎಂದ.

ಔರಾದ್ ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲ್ಲಿಗೆ ಹೋಗಿದ್ದಿರೆಂದು ಕೇಳಿದಳು. ಶಾಲುಬಾಯಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

"ಭಾಲ್ಕ್ಯಾಗ ಫೈನಲ್ ಇತ್ತವ್ವ. ನನ್ನ ಮಗಳೇ ಆಡಿಸಿದಳು."